ತುಂಗಿ ಒಪ್ಪಿದ ಕರು

ಹಸ್ತಾ ಮಳೆ ಕೈಬೀಸಿ ಹೋಗಿ ಬಿಸಿಲು ಕಾಲೂರಿತ್ತು. ಇಳಕಲ್ಲಿನ ಹೊರಗಿನ ಎರೆಹೊಲಗಳಲ್ಲಿ ಕೂರಿಗೆಗಳು ಬಿಳಿಜೋಳ ಬಿತ್ತುತ್ತಿದ್ದವು. ಊರೊಳಗೆ ಬಣ್ಣಗಾರರ ಓಣಿಯಲ್ಲಿ ನೂಲಿನ ಲಡಿಗಳು ಒಣಗಲೆಂದು ಮತ್ತೆ ಬಿದಿರು ಗಳಗಳನ್ನು ಏರಿದ್ದವು. ಮಳೆಗಾಲದುದ್ದಕ್ಕೂ ನೂಲು ಒಣಗದೆ ಕೈಕಟ್ಟಿ ಕೂತಿದ್ದ ಓಣಿ ಈಗ ಮಾತಾಡಲಿಕ್ಕೂ ಪುರಸೊತ್ತಿಲ್ಲದೆ ದುಡಿಯುತ್ತಿತ್ತು. ಅಮಾತೆಪ್ಪ ಮುಂಜಾನೆಯಿಂದ ಬಣ್ಣದ ಬಾನಿಯ ಮುಂದೆ ಮೊಣಕೈತನಕ ನೀಲಿಯಾಗಿ ನಿಂತಿದ್ದ. ಅವನು ಹಿಂಡಿ ಕೊಟ್ಟ ಲಡಿಗಳನ್ನು ಕೊಡವಿ ಗಳಕ್ಕೆ ಹಾಕಬೇಕಾದವಳು ಅವನ ಹೆಂಡತಿ ಶಾರವ್ವ. ಆಕೆ ಅಲ್ಲಿರಲಿಲ್ಲ. ಕೊಟ್ಟಿಗೆಯಲ್ಲಿ ಎಮ್ಮೆಯ ಹೊಟ್ಟೆಗೆ ಹಣೆ ಆನಿಸಿ, ತಂಬಿಗೆಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು.

ತಂಬಿಗೆಯ ತಳ ಇನ್ನೂ ಒಣಗಿತ್ತು.

"ತುಂಗಿ, ನನ್ನವ್ವ, ಒಂದೀಟು ಬಿಡ. ನಾ ಬ್ಯಾರೆ ಯಾರಲ್ಲ, ನಿನ್ನ ಶಾರಿ" ಎಂದು ಆಕೆ ಮೊಲೆಗಳನ್ನು ನೀವಿದಳು. ಕೆಚ್ಚಲು ತುಂಬಿ ಬಿಗಿದಿತ್ತು. ಆದರೆ ಎಮ್ಮೆ ಹಾಲನ್ನು ಮೇಲೆಳೆದುಕೊಂಡು, ಗೋಡೆಯ ಕಡೆ ಮುಖ ಮಾಡಿ ನಿಂತಿತ್ತು. ಬೆರಳು ಸೋತು ಬರುವ ಹೊತ್ತಿಗೆ ನಾಲ್ಕು ಹನಿ ಬಿದ್ದವು, ಅಷ್ಟೇ.

"ಬಂತೇನ?" ಎಂದು ಅಂಗಳದಿಂದ ಅಮಾತೆಪ್ಪ ಕೂಗಿದ.

"ಬಂತು, ನಿಮ್ಮ ಹಣಿಗೆ ಹಚ್ಚಿಕೊಳ್ಳಾಕ ಆಗೂವಷ್ಟು!"

ತುಂಗಿ ಈ ಮನೆಗೆ ಬಂದಾಗ ಇನ್ನೂ ಈಯದ ಮಣಕ. ಹುನಗುಂದದ ಸಂಗಯ್ಯನವರು ಪಾಲಿಗೆಂದು ಕೊಟ್ಟದ್ದು. ಆ ಸೀಮೆಯಲ್ಲಿ ಪಾಲು ಎಂದರೆ ಬಾಯಿಮಾತಿನ ಕರಾರು. ಇವರು ಮೇಯಿಸಿ ಸಾಕಬೇಕು. ಎಮ್ಮೆ ಈದು ಮೊದಲು ಹಾಕುವ ಹೆಣ್ಣುಕರುವನ್ನು ಮೊಲೆ ಬಿಡಿಸಿ ಅವರಿಗೆ ಒಪ್ಪಿಸಬೇಕು. ಅಲ್ಲಿಗೆ ತಾಯಿ ಸಾಕಿದವರ ಮನೆಯದಾಗುತ್ತದೆ. ಶಾರವ್ವ ಮಕ್ಕಳನ್ನು ಸಾಕುವ ಹಾಗೆ ಸಾಕಿದ್ದಳು. ಹತ್ತಿಕಾಳು ರುಬ್ಬಿ ಇಡುತ್ತಿದ್ದಳು, ಬೇಸಿಗೆಯಲ್ಲಿ ತಾನು ಎರೆದುಕೊಳ್ಳುವ ನೀರನ್ನು ಉಳಿಸಿ ಅದರ ಬೆನ್ನಿಗೆ ಸುರಿಯುತ್ತಿದ್ದಳು. ನವರಾತ್ರಿಗೆ ಮುಂಚೆ ತುಂಗಿ ಕರು ಹಾಕಿತು. ಹೆಣ್ಣುಕರುವೇ. ಹಣೆಯ ಮೇಲೆ ಬಿಳಿ ಚುಕ್ಕೆ. ಓಣಿಗೆಲ್ಲ ಗಿಣ್ಣ ಹಂಚಿದರು. ವಾರ ದಾಟಿದ್ದೇ ಕರು ಬೇಧಿ ಹತ್ತಿ ಒಂದೇ ದಿನದಲ್ಲಿ ಕತ್ತು ಚೆಲ್ಲಿತು.

ಸುದ್ದಿ ಕೇಳಿ ಬಂದ ಸಂಗಯ್ಯನವರು ಕೆಟ್ಟವರೇನಲ್ಲ. ಆದರೆ ದನದ ವಿಷಯಕ್ಕೆ ಮರುಳಾಗುವವರೂ ಅಲ್ಲ.

"ಶಾರವ್ವಾ, ಕರ ಹೋದದ್ದು ನಿನ್ನ ತಪ್ಪಲ್ಲ. ಮುಂದಿನ ಸೂಲಿನತನಕ ಕಾಯಾಕ ನಾ ತಯಾರ ಅದೀನಿ. ಆದರ ಚೊಚ್ಚಲದಾಗ ಹಾಲು ಬತ್ತಿಸಿಕೊಂಡ ಎಮ್ಮಿ ಮುಂದ ಗೊಡ್ಡಾದಂಗ ಲೆಕ್ಕ. ದೀಪಾವಳಿ ಅಮಾಸಿಗೆ ಬರ್ತೇನಿ. ಹಿಂಡತಿತ್ತಂದರ ನಿಮ್ಮ ಗ್ವಾದಲಿಗೇ ಇರಲಿ. ಇಲ್ಲಂದರ ಕಮತಗಿ ಸಂತಿಗೆ ಹೊಡಕೊಂಡು ಹೋಗಾಂವ."

ಸಂತೆಗೆ ಹೋದ ಹಾಲಿಲ್ಲದ ಎಮ್ಮೆ ಅಲ್ಲಿಂದ ಎಲ್ಲಿಗೆ ಹೋಗುತ್ತದೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಶಾರವ್ವನಿಗೆ ಅಂದು ಊಟ ಸೇರಲಿಲ್ಲ.

ಕರು ಸತ್ತ ಎಮ್ಮೆಗೆ ಅದರ ತೊಗಲಿನಲ್ಲಿ ಹುಲ್ಲು ತುಂಬಿ ಮುಂದೆ ನಿಲ್ಲಿಸುವುದು ಹಿಂದಿನಿಂದ ಬಂದ ರೂಢಿ. ತಾಯಿ ಅದನ್ನು ನೆಕ್ಕುತ್ತ ಹಾಲು ಇಳಿಸುತ್ತದೆ. ತೊಗಲಿನ ಕೆಲಸದ ಹನಮಂತಪ್ಪ ಕರುವಿನ ತೊಗಲು ಸುಲಿದು, ಉಪ್ಪು ಬೂದಿ ಸವರಿ ತಂದುಕೊಟ್ಟಿದ್ದ. "ನಾಳೆನ ಹುಲ್ಲು ತುಂಬಿ ನಿಲ್ಲಿಸ್ರಿ" ಎಂದು ಹೇಳಿಯೂ ಹೋಗಿದ್ದ. ಆದರೆ ತೊಗಲು ಅಮಾತೆಪ್ಪನ ಕೈಗೆ ಸಿಕ್ಕಿತು.

ಅಮಾತೆಪ್ಪನ ಕಣ್ಣು ಆ ಓಣಿಯ ಹೆಮ್ಮೆ. ದಾಳಿಂಬೆಯ ಕೆಂಪು ಒಂದು ಕೂದಲೆಳೆ ಆಚೀಚೆಯಾದರೂ ದೂರದಿಂದಲೇ ಹೇಳುತ್ತಿದ್ದ. ಬೂದಿ ಬಿದ್ದು ನರೆತಂತೆ ಕಾಣುತ್ತಿದ್ದ ತೊಗಲನ್ನು ನೋಡಿ ಅವನಿಗೆ ತಡೆಯಲಾಗಲಿಲ್ಲ.

"ಇದೇನು ಕರದ ಬಣ್ಣ? ಇದನ್ನು ನೋಡಿದರ ಅದರ ತಾಯಿ ಏನಂತಾಳ? ನಮ್ಮ ಮನ್ಯಾಗ ಇದ್ದೂ ಇದಕ್ಕ ಬಣ್ಣದ ಬಡತನೇನು?"

ಕರಿ ಬಣ್ಣಕ್ಕೆಂದು ತಿಂಗಳಿಂದ ಕೊಳೆಹಾಕಿದ್ದ ತುಕ್ಕುಕಬ್ಬಿಣ, ಬೆಲ್ಲದ ನೀರು ಇನ್ನೊಂದು ಬಾನಿಯಲ್ಲಿತ್ತು. ಅಳಲೆಕಾಯಿ ಜಜ್ಜಿ ಕಷಾಯ ಇಳಿಸಿದ. ಹಣೆಯ ಬಿಳಿ ಚುಕ್ಕೆಗೆ ಬಣ್ಣ ತಾಗಬಾರದೆಂದು ಅಷ್ಟಗಲವನ್ನು ಮೇಣದ ದಾರದಿಂದ ಬಿಗಿದು ಕಟ್ಟಿದ, ಸೀರೆಯ ಸೆರಗಿನಲ್ಲಿ ಚುಕ್ಕೆ ಉಳಿಸಲು ಕಟ್ಟುವ ಹಾಗೆಯೇ. ಅದ್ದಿದ, ನೆರಳಲ್ಲಿ ಒಣಗಿಸಿದ, ಮತ್ತೆ ಅದ್ದಿದ. ಹುಲ್ಲು ತುಂಬಿ ಹೊಲಿದು, ಕಣ್ಣಿನ ಜಾಗದಲ್ಲಿ ಎರಡು ಕರಿ ಗಾಜಿನ ಗುಂಡಿ ಕೂರಿಸಿ, ನಾಲ್ಕು ಕಾಲಿಗೆ ಬಿದಿರು ಕೊಟ್ಟು ಅಂಗಳದಲ್ಲಿ ನಿಲ್ಲಿಸಿದಾಗ ಓಣಿಯ ಹೆಂಗಸರು ಬಂದು ಬಾಯಿಯ ಮೇಲೆ ಬೆರಳಿಟ್ಟರು.

"ಯವ್ವಾ, ಇನ್ನೇನು ಎದ್ದು ಓಡತೈತಿ ನೋಡ!"

"ಅಮಾತೆಪ್ಪಣ್ಣ, ನಮ್ಮ ಮನಿಯವರಿಗೂ ಒಂದೀಟು ಬಣ್ಣ ಹಾಕ್ರಿ, ಭಾಳ ಮಂಕಾಗ್ಯಾರ!"

ಅಮಾತೆಪ್ಪ ಮೀಸೆಯಡಿ ನಕ್ಕ. ಶಾರವ್ವನಿಗೂ ಎದೆ ಹಗುರವಾಯಿತು. ಸತ್ತ ಕರು ಎದುರು ನಿಂತಂತಾಗಿ ಕಣ್ಣಂಚು ಒದ್ದೆಯಾಯಿತು. ಗಂಡಹೆಂಡತಿ ಅದನ್ನು ಎತ್ತಿಕೊಂಡು ಹೋಗಿ ತುಂಗಿಯ ಮೋರೆಯ ಮುಂದಿಟ್ಟರು.

ತುಂಗಿ ಕುತ್ತಿಗೆ ಚಾಚಿತು. ಮೂಗಿನ ಹೊಳ್ಳೆ ಅರಳಿತು. ಒಮ್ಮೆ ಎಳೆದುಕೊಂಡ ಉಸಿರನ್ನು 'ಫೂಂ' ಎಂದು ಹೊರಗೆ ಊದಿ, ಎರಡು ಹೆಜ್ಜೆ ಹಿಂದೆ ಸರಿದು, ಕೊಂಬಿನಿಂದ ಒಂದು ಕೊಟ್ಟಿತು ನೋಡಿ, ಕರು ಗೋಡೆಗೆ ಬಡಿದು, ಹೊಲಿಗೆ ಬಿಚ್ಚಿ, ಹುಲ್ಲೆಲ್ಲ ಹರಡಿ ಬಿತ್ತು.

"ಕಣ್ಣು ಸರಿ ಕೂತಿಲ್ಲ" ಎಂದ ಅಮಾತೆಪ್ಪ. ಗುಂಡಿಗಳನ್ನು ತುಸು ಒಳಗೆ ಸರಿಸಿ ಮತ್ತೆ ಹೊಲಿದ. ಕಿವಿಗಳನ್ನು ಜೋತುಬೀಳುವಂತೆ ಮಾಡಿದ. ಮಾರನೆಯ ದಿನ ಇನ್ನೊಮ್ಮೆ ಅದ್ದಿದ. ಕಪ್ಪು ಈಗ ಮಿರಿಮಿರಿ ಮಿಂಚುತ್ತಿತ್ತು. ಈ ಸಲ ತುಂಗಿ ಹತ್ತಿರಕ್ಕೂ ಬರಲಿಲ್ಲ. ಗೂಟ ಕೀಳುವಷ್ಟು ಹಿಂದಕ್ಕೆ ಜಗ್ಗಿ, ಕಣ್ಣಿನ ಬಿಳಿ ತೋರಿಸಿ ಬುಸುಗುಟ್ಟಿತು.

"ಈ ಎಮ್ಮಿಗೆ ಕಣ್ಣಿಲ್ಲ ಬಿಡು" ಎಂದು ಅಮಾತೆಪ್ಪ ಮುನಿಸಿಕೊಂಡ.

ಆ ಮಾತು ಶಾರವ್ವನ ತಲೆಯಲ್ಲಿ ಕೂತಿತು.

ಅಂದು ಮಧ್ಯಾಹ್ನ ಕರಿ ಬಣ್ಣದ ಲಡಿಗಳನ್ನು ಹಿಂಡಿ ಹಾಕಿದ ಕೈಯಲ್ಲೇ ಆಕೆ ತುಂಗಿಗೆ ಜೋಳದ ಕಣಿಕೆ ಹಾಕಲು ಹೋದಳು. ದಿನಾ ಕೈ ನೆಕ್ಕುವ ಎಮ್ಮೆ ಮುಖ ತಿರುವಿತು. "ಯಾಕ, ನನ್ನ ಮ್ಯಾಲೂ ಸಿಟ್ಟೇನ?" ಎಂದು ಗದ್ದ ಸವರಲು ಹೋದರೆ ಬುಸ್ ಎಂದಿತು. ಶಾರವ್ವ ನಿಂತಳು. ತನ್ನ ಅಂಗೈಯನ್ನು ಮೂಗಿಗೆ ಹಿಡಿದಳು. ಅಳಲೆಯ ಒಗರು, ತುಕ್ಕಿನ ಹುಳಿ. ಹುಟ್ಟಿದಾಗಿನಿಂದ ಅದೇ ಗಾಳಿಯಲ್ಲಿ ಬೆಳೆದವಳಿಗೆ ಅದು ವಾಸನೆ ಎಂದು ಅನ್ನಿಸಿದ್ದೇ ಇಲ್ಲ, ಓಣಿಗೆಲ್ಲ ಹಾಗೆಯೇ. ಹಿತ್ತಲಿಗೆ ಹೋಗಿ ಸೆಗಣಿ ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೊಳೆದು ಬಂದಳು. ತುಂಗಿ ಕೈಯನ್ನು ಮೂಸಿತು, ಮತ್ತೊಮ್ಮೆ ಮೂಸಿತು, ದೊರಗು ನಾಲಗೆಯಿಂದ ನೆಕ್ಕಿತು.

ಶಾರವ್ವ ತುಂಗಿಯ ಕಣ್ಣುಗಳನ್ನು ಸೆರಗಿನಿಂದ ಮುಚ್ಚಿದಳು. ಎಮ್ಮೆ ಅಲ್ಲಾಡಲಿಲ್ಲ, ನೆಕ್ಕುತ್ತಲೇ ಇತ್ತು. ಸೆರಗು ತೆಗೆದು, ಗಳಕ್ಕೆ ಹಾಕಿದ್ದ ಗಂಡನ ಧೋತರ ಹೊದ್ದುಕೊಂಡು ಬಂದಳು. ಮುಖ ಬಯಲಾಗಿಯೇ ಇತ್ತು. ಆದರೂ ತುಂಗಿ ಪರಕೀಯರು ಬಂದಂತೆ ಕಿವಿ ನೆಟ್ಟಗೆ ಮಾಡಿತು. "ಏ ತುಂಗಿ" ಎಂದು ಕರೆದ ಮೇಲೆಯೇ ಕಿವಿ ಸಡಿಲಾದವು. ತಾನು ಕಾಣುವ ಕೊಟ್ಟಿಗೆಯೇ ಬೇರೆ, ತುಂಗಿಯ ಕೊಟ್ಟಿಗೆಯೇ ಬೇರೆ ಎಂದು ಶಾರವ್ವನಿಗೆ ಮೊದಲ ಸಲ ಹೊಳೆಯಿತು. ಇಲ್ಲಿ ಗೋಡೆಯಿದೆ, ಗೂಟವಿದೆ, ಬೆಳಕಿಂಡಿಯಿದೆ ಎಂದು ತಾನು ತಿಳಿದದ್ದು. ತುಂಗಿಗೆ ಇದು ನಿನ್ನೆಯ ಗಂಜಲ, ಇಂದಿನ ಕಣಿಕೆ, ಓಣಿಯ ತಿರುವಿನಲ್ಲಿ ಬರುತ್ತಿರುವ ನೀರಿನ ಕೊಡ, ಅಂಗಳದ ಬಾನಿ. ಅಲ್ಲಿ ಕರು ಎಂದರೆ ಕಪ್ಪೂ ಅಲ್ಲ, ಹಣೆಯ ಚುಕ್ಕೆಯೂ ಅಲ್ಲ.

ಆಕೆ ನಗು ತಡೆಯಲಾರದೆ ಅಂಗಳಕ್ಕೆ ಬಂದಳು. "ಏನ್ರಿ, ಆಕಿಗೆ ಕಣ್ಣು ಐತಿ. ಆದರ ಆಕಿ ಮೂಗಿಲೆ ನೋಡ್ತಾಳ. ನೀವು ಚಂದಾಗಿ ಅದ್ದಿದಷ್ಟೂ ಆಕಿ ಕರ ದೂರ ಹೋಗೇತಿ. ಈಗ ಅಲ್ಲಿ ನಿಂತದ್ದು ಕರ ಅಲ್ಲ, ನಿಮ್ಮ ಬಾನಿ!"

ಅಮಾತೆಪ್ಪ ಮೊದಲು ಒಪ್ಪಲಿಲ್ಲ. ಆಮೇಲೆ ಒಪ್ಪಿದ, ಒಪ್ಪಿದ್ದು ಅತಿಯಾಯಿತು. ತೊಗಲನ್ನು ಹಳ್ಳಕ್ಕೆ ಒಯ್ದು, ಅಂಟುವಾಳದ ನೊರೆಯಲ್ಲಿ ಉಜ್ಜಿ, ಕಲ್ಲಿಗೆ ಬಡಿದು ತೊಳೆದು ತಂದು ಮತ್ತೆ ಹುಲ್ಲು ತುಂಬಿ ನಿಲ್ಲಿಸಿದ. ಕಪ್ಪು ಒಂದಿಷ್ಟೂ ಹೋಗಿರಲಿಲ್ಲ. ಕರುವಿನದೆಂದು ಉಳಿದಿದ್ದ ಕೊನೆಯ ವಾಸನೆ ಹೋಗಿತ್ತು.

"ಹೆಂಗ ಹೋದೀತು? ನಾ ಹಾಕಿದ ಬಣ್ಣ" ಎಂದ ಅವನ ದನಿಯಲ್ಲಿ ಬೇಸರ ಎಷ್ಟು, ಜಂಬ ಎಷ್ಟು ಎಂದು ಹೇಳುವುದು ಕಷ್ಟವಿತ್ತು.

ಅಮಾವಾಸ್ಯೆ ಹತ್ತಿರ ಬಂತು. ಕೆಚ್ಚಲು ದಿನದಿಂದ ದಿನಕ್ಕೆ ಸೊರಗತೊಡಗಿತು.

ಅಂಥ ಒಂದು ಮುಂಜಾನೆ ಹಿಂದಿನ ಓಣಿಯ ಲಾಲಬಿ ಬಂದಳು. ಆಡು ಸಾಕಿ ಹಾಲು ಮಾರುವ ಹೆಂಗಸು, ಮಾತಿನಲ್ಲಿ ಖಾರ. ಹೆಗಲ ಮೇಲೆ ಒಂದು ಎಮ್ಮೆಕರುವನ್ನು ಹೊತ್ತಿದ್ದಳು. ಅವಳ ಎಮ್ಮೆ ಹುಲ್ಲುಗಾವಲಿನಲ್ಲಿ ಹಾವು ಮುಟ್ಟಿ ಸತ್ತಿತ್ತು.

"ಶಾರವ್ವಾ, ಆಡಿನ ಹಾಲು ಕುಡಸೇನಿ, ಹಿಟ್ಟಿನ ಗಂಜಿ ಕುಡಸೇನಿ. ಇದಕ್ಕ ಸಾಲೂದಿಲ್ಲ. ನೋಡ, ಪಕ್ಕಡಿ ಎಲುಬು ಎಣಿಸಬಹುದು. ನಿನ್ನ ಕಡೆ ಕರ ಇಲ್ಲದ ತಾಯಿ, ನನ್ನ ಕಡೆ ತಾಯಿ ಇಲ್ಲದ ಕರ. ಆ ಅಲ್ಲಾ ಎರಡು ಓಣಿಯೊಳಗ ಇಟ್ಟು ಮರತಾನ. ನಾವ ಕೂಡಸೂಣು."

ಕರುವನ್ನು ತುಂಗಿಯ ಬಳಿ ಬಿಟ್ಟರು. ಹಸಿದ ಕರು ನೇರ ಕೆಚ್ಚಲಿಗೆ ಹೋಯಿತು. ತುಂಗಿ ಹಿಂದಿರುಗಿ ಮೂಸಿ, ಒಂದೇ ಒದೆತಕ್ಕೆ ಅದನ್ನು ಮೇವಿನ ಗ್ವಾದಲಿಯ ಅಡಿಗೆ ಕಳಿಸಿತು.

"ಸತ್ತ ಮರಿ ತೊಗಲು ಹೊದಿಸಿದರ ಆಡು ಬ್ಯಾರೆ ಮರೀನ ಒಪ್ಪತಾವ" ಎಂದಳು ಲಾಲಬಿ. "ನಿಮ್ಮ ಕರದ ತೊಗಲು ಎಲ್ಲೈತಿ?"

ಶಾರವ್ವ ಮೂಲೆಯತ್ತ ಕೈ ತೋರಿಸಿದಳು. ಲಾಲಬಿ ಆ ಮಿರಿಮಿರಿ ಕರುವನ್ನು ಸುತ್ತಿ ನೋಡಿದಳು. "ಯಾ ಅಲ್ಲಾ! ಇದನ್ನ ಮದಿವಿಗೆ ತಯಾರ ಮಾಡಿರೇನ?"

ಅಂಗಳದಲ್ಲಿ ಅಮಾತೆಪ್ಪ ಕೆಮ್ಮಿ ಬಾನಿಯ ಕಡೆ ತಿರುಗಿದ.

ಶಾರವ್ವನಿಗೆ ಆಗ ನೆನಪಾದದ್ದು ಗೋಣಿಚೀಲದ ತಾಟು. ಕರು ಹುಟ್ಟಿದ ಹೊತ್ತಿನಲ್ಲಿ ಅದರ ಮೈಯ ಲೋಳೆಯನ್ನು ತಾನು ಒರೆಸಿದ್ದು ಅದೇ ತಾಟಿನಿಂದ. ಬದುಕಿದಷ್ಟು ದಿನ ಕರು ಮಲಗಿದ್ದೂ ಅದರ ಮೇಲೆಯೇ. ಕರು ಸತ್ತಾಗ ನೋಡಲಾರದೆ ತಾನೇ ಅದನ್ನು ಸುತ್ತಿ ಕೊಟ್ಟಿಗೆಯ ಚಪ್ಪರದ ಮೇಲೆ ಎಸೆದಿದ್ದಳು. ಆಮೇಲೆ ಮಳೆ ಬಿದ್ದಿರಲಿಲ್ಲ. ಆಕೆ ಸೆರಗು ಸಿಕ್ಕಿಸಿ, ಗ್ವಾದಲಿಯ ಮೇಲೆ ಕಾಲಿಟ್ಟು, ಚಪ್ಪರಕ್ಕೆ ಕೈ ಚಾಚಿದಳು. ತಾಟು ಗಟ್ಟಿಯಾಗಿ ಒಣಗಿ ಹಪ್ಪಳದಂತಾಗಿತ್ತು. ಶಾರವ್ವ ಅದಕ್ಕೆ ಮೂಗು ಹಚ್ಚಿದಳು. ಧೂಳು ಬಿಟ್ಟರೆ ಆಕೆಗೆ ಏನೂ ತಿಳಿಯಲಿಲ್ಲ. "ನನಗ ತಿಳೀಲಾರದ್ದು ಆಕಿಗೆ ತಿಳಿದೀತು" ಎಂದುಕೊಂಡಳು.

"ಬಿಸಿನೀರು ಚಿಮುಕಿಸಬೇಕು ಲಾಲಬಿ ಅಕ್ಕಾ. ವಾಸನಿ ಏಳತೈತಿ. ಏನ್ರಿ, ನೀವು ಈ ಕಡೆ ಬರಬ್ಯಾಡ್ರಿ!"

"ಯಾಕ?"

"ನಿಮ್ಮ ಕೈ ಬಾನಿ, ನಿಮ್ಮ ಧೋತರ ಬಾನಿ, ನೀವ ಬಾನಿ! ಗ್ವಾಡಿ ಆ ಕಡೆ ನಿಂದರ್ರಿ."

ಓಣಿಗೆಲ್ಲ ಬಣ್ಣ ತೋರಿಸಿಕೊಟ್ಟವನು ತನ್ನದೇ ಕೊಟ್ಟಿಗೆಯ ಗೋಡೆಯ ಆಚೆ, ಏನೂ ಕಾಣದೆ ನಿಂತ.

ಹೆಂಗಸರಿಬ್ಬರೂ ಬೂದಿ ಹಚ್ಚಿ ಕೈ ತೊಳೆದರು. ತೇವ ಮಾಡಿದ ತಾಟಿನಿಂದ ಕರುವನ್ನು ತಲೆಯಿಂದ ಬಾಲದತನಕ ತಿಕ್ಕಿದರು. ಕಿವಿಯ ಹಿಂದೆ, ತೊಡೆಯ ಸಂದು, ಬಾಲದ ಬುಡ, ತಾಯಿ ಮೊದಲು ಮೂಸುವ ಜಾಗಗಳನ್ನು ಇನ್ನಷ್ಟು ತಿಕ್ಕಿದರು. ಶಾರವ್ವ ತುಂಗಿಯ ಮೊಲೆಯಿಂದ ಕಷ್ಟಪಟ್ಟು ತೆಗೆದ ನಾಲ್ಕು ಹನಿ ಹಾಲನ್ನು ಕರುವಿನ ಬೆನ್ನಿಗೂ ಬಾಲಕ್ಕೂ ಸವರಿದಳು. ಮೇಲೆ ಚಿಟಿಕೆ ಉಪ್ಪು. ತಾಟನ್ನು ಕರುವಿನ ಮೈಮೇಲೆ ಹೊದಿಸಿ, ಸದ್ದಿಲ್ಲದೆ ತುಂಗಿಯ ಮುಂದೆ ತಂದು ನಿಲ್ಲಿಸಿದರು.

ತುಂಗಿ ತಲೆ ಎತ್ತಿತು. ಹೊಳ್ಳೆಗಳು ಅರಳಿದವು, ಮುಚ್ಚಿದವು, ಅರಳಿದವು. ಕೊಂಬು ಬಾಗಿದ್ದನ್ನು ಕಂಡು ಲಾಲಬಿ ಕರುವನ್ನು ಎಳೆದುಕೊಳ್ಳಲು ಹೋದಳು. ಶಾರವ್ವ ಅವಳ ಮಣಿಕಟ್ಟು ಹಿಡಿದಳು. ಎಮ್ಮೆ ತಾಟಿನ ಒಂದು ಅಂಚಿಗೆ ಮೂಗು ಹಚ್ಚಿ ಉಸಿರೆಳೆಯಿತು. ಎಷ್ಟು ಹೊತ್ತು ಎಳೆಯಿತೆಂದರೆ ಶಾರವ್ವ ತನ್ನ ಉಸಿರು ಬಿಡುವುದನ್ನೇ ಮರೆತಳು. ಆಮೇಲೆ ಬಾಲದ ಬುಡ. ಆಮೇಲೆ ಕಿವಿಯ ಹಿಂದೆ. ಮತ್ತೆ ಬಾಲ.

"ಏನಾತು?" ಗೋಡೆಯ ಆಚೆಯಿಂದ ಪಿಸುಮಾತು.

"ಸುಮ್ಮನಿರ್ರಿ."

ಗರಗಸದಿಂದ ಕಟ್ಟಿಗೆ ಕೊಯ್ಯುವಂಥ ಸದ್ದು ಬಂತು. ನಾಲಗೆಯ ಸದ್ದು. ತುಂಗಿ ನೆಕ್ಕುತ್ತಿತ್ತು. ಒಮ್ಮೆ, ತಡೆದು ಮತ್ತೊಮ್ಮೆ, ಆಮೇಲೆ ನಿಲ್ಲದೆ. ಎಳೆಯ ಕರು ಅದರ ಹೊಡೆತಕ್ಕೆ ತೂಗಾಡಿ ಕಾಲು ಅಗಲಿಸಿ ನಿಂತಿತು. ತಾಟು ಜಾರಿ ಬಿತ್ತು. ತುಂಗಿ ತಾಟನ್ನು ಬಿಟ್ಟು ಕರುವನ್ನೇ ನೆಕ್ಕಿತು. ಬಳಿಕ ಅದರ ಗಂಟಲಾಳದಿಂದ ಒಂದು ದನಿ ಹೊರಟಿತು. ಅದು ಕೂಗಲ್ಲ, ಕರು ಸತ್ತ ಮೇಲೆ ಆ ಕೊಟ್ಟಿಗೆಯಲ್ಲಿ ಯಾರೂ ಕೇಳಿರದ ತಗ್ಗಿದ ಗುಂಯ್‌ಗುಡುವಿಕೆ.

ಗೋಡೆಯ ಆಚೆ ಅಮಾತೆಪ್ಪ ಅದನ್ನು ಕೇಳಿದ. "ಕರೀತಾಳ!" ಎಂದ. "ಶಾರಿ, ಆಕಿ ಕರೀತಾಳ, ನನಗ ಕೇಳಿಸ್ತು!"

ಕರು ಕೆಚ್ಚಲಿಗೆ ಬಾಯಿ ಹಾಕಿ ಎರಡು ಸಲ ಗುಮ್ಮಿತು. ತುಂಗಿ ಹಿಂಗಾಲು ಅಗಲಿಸಿತು. ಸೊರಗಿದ್ದ ಮೊಲೆಗಳು ಕಣ್ಣೆದುರೇ ಉಬ್ಬಿ ಬಂದು, ಕರು ಹಿಡಿಯದ ಮೊಲೆಯಿಂದಲೂ ಹಾಲು ತಾನಾಗಿ ತೊಟ್ಟಿಕ್ಕಿತು. ಶಾರವ್ವ ತಂಬಿಗೆ ಹುಡುಕಲಿಲ್ಲ. ಅಂಗೈ ಒಡ್ಡಿ, ಬಿಸಿ ಹಾಲನ್ನು ಲಾಲಬಿಯ ಬಾಯಿಗೆ ಹಿಡಿದು, ಉಳಿದದ್ದನ್ನು ತಾನು ನೆಕ್ಕಿದಳು. ಇಬ್ಬರೂ ಹುಚ್ಚರ ಹಾಗೆ ನಕ್ಕರು. ಆ ನಗು ಕೇಳಿ ಓಣಿಯ ಅರ್ಧ ಮಂದಿ ಲಡಿಗಳನ್ನು ಬಿಟ್ಟು ಓಡಿಬಂದರು.

ಅಮಾವಾಸ್ಯೆಯ ದಿನ ಸಂಗಯ್ಯನವರು ಹೇಳಿದ ಹಾಗೆಯೇ ಬಂದರು. ಕೈಯಲ್ಲಿ ಹೊಸ ಹಗ್ಗವಿತ್ತು. ಅಂಗಳದಲ್ಲಿ ಕಾಲು ತೊಳೆದು, "ತಾ, ನಾನ ಹಿಂಡಿ ನೋಡ್ತೇನಿ" ಎಂದು ತಂಬಿಗೆ ಇಸಿದುಕೊಂಡು ಕೂತರು. ಹಣೆಯ ತುಂಬ ವಿಭೂತಿ, ಅಂಗಿಯಲ್ಲಿ ಹುನಗುಂದದ ಧೂಳು. ತುಂಗಿ ಹಿಂದಿರುಗಿ ಒಮ್ಮೆ ಅವರನ್ನು ಮೂಸಿ ಬೆನ್ನು ಬಿಗಿಮಾಡಿತು. ಎಷ್ಟು ಎಳೆದರೂ ಹನಿಯಿಲ್ಲ.

"ಶಾರವ್ವಾ, ಇದ ಏನ ಹಾಲು?"

"ಅಯ್ಯಾರ, ನಿಮ್ಮ ಪರಿಚಯ ಆಕಿಗಿಲ್ಲ. ಸರೀರಿ ಈ ಕಡೆ" ಎಂದು ಶಾರವ್ವ ತಂಬಿಗೆ ತೆಗೆದುಕೊಂಡಳು. ಕರುವನ್ನು ಬಿಟ್ಟು ಎರಡು ಗುಟುಕು ಕುಡಿಸಿ, ತುಂಗಿಯ ಮೂಗಿನ ಬಳಿ ಕಟ್ಟಿದಳು. ಹಣೆಯನ್ನು ಎಮ್ಮೆಯ ಹೊಟ್ಟೆಗೆ ಆನಿಸಿದಳು. ಚರ್ರ್ ಚರ್ರ್ ಎಂದು ತಳಕ್ಕೆ ಬಿದ್ದ ಹಾಲಿನ ಸದ್ದು ಬರಬರುತ್ತ ದಪ್ಪವಾಗಿ, ನೊರೆಯೊಳಗೆ ಮುಳುಗಿ, ತಂಬಿಗೆಯ ಕಂಠ ಮುಟ್ಟಿತು. ಇನ್ನೊಂದು ಪಾತ್ರೆ ತರಲು ಅಮಾತೆಪ್ಪ ಅಡುಗೆಮನೆಗೆ ಓಡಿದ.

ಸಂಗಯ್ಯನವರು ಹಾಲು ನೋಡಿದರು, ಕರು ನೋಡಿದರು. "ಕರ ಸತ್ತಿತ್ತಲ್ಲ?"

"ಸತ್ತಿತ್ತುರಿ. ಇದು ಲಾಲಬಿ ಅಕ್ಕಾನ ಕರ."

"ಯಾರದರ ಆಗಲಿ, ಈಗ ತುಂಗಿ ಮಗಳು. ಹೆಣ್ಣುಕರ. ಪಾಲಿನ ಮಾತೂ ಅದ. ಮೊಲಿ ಬಿಡಿಸಿದ ಮ್ಯಾಲ ಇದನ್ನ ನನಗ ಕೊಟ್ಟುಬಿಡು, ನನ್ನ ನಿನ್ನ ಲೆಕ್ಕ ಇಲ್ಲಿಗೆ ಮುಗೀತು. ಎಮ್ಮಿ ನಿನ್ನದು."

ಶಾರವ್ವ ತಂಬಿಗೆಯನ್ನು ಕೆಳಗಿಟ್ಟಳು. ಹೂಂ ಎಂದರೆ ಎಮ್ಮೆ ಈಗಲೇ ತನ್ನದು. ಬಾಗಿಲಲ್ಲಿ ಲಾಲಬಿ ನಿಂತಿದ್ದಳು.

"ಇದು ನಾ ಕೊಡೂ ಕರ ಅಲ್ರಿ ಅಯ್ಯಾರ. ಎರವು ತಂದೇನಿ. ಕುಡುದು ದೊಡ್ಡದಾದ ಮ್ಯಾಲ ಆಕಿ ಮನಿಗೆ ಹೋಗತೈತಿ. ನಿಮ್ಮ ಕರ ಇನ್ನೂ ಹುಟ್ಟಬೇಕು."

"ಅಲ್ಲವ್ವಾ, ನೋಡೂಣಂತ..." ಎಂದು ಅಯ್ಯನವರು ಕರುವಿನ ಕಣ್ಣಿಹಗ್ಗ ಬಿಚ್ಚಿ, ಬೆಳಕಿನಲ್ಲಿ ಹಲ್ಲು ನೋಡಲು ಬಾಗಿಲತ್ತ ನಡೆಸಿದರು. ಹೊಸ್ತಿಲು ದಾಟುವುದರೊಳಗೆ ಹಿಂದೆ ನೆಲ ನಡುಗಿತು. ತುಂಗಿ ಗೂಟವನ್ನು ಮಣ್ಣುಸಮೇತ ಕಿತ್ತುಕೊಂಡು, ಮೂಗು ಮುಂದೆ ಮಾಡಿ ಗುಡುಗುತ್ತ ಬಂದಿತು. ಸಂಗಯ್ಯನವರು ಕಣ್ಣಿ ಬಿಟ್ಟು, ಧೋತರ ಎತ್ತಿಕೊಂಡು ಲಡಿಗಳ ಗಳದ ಹಿಂದೆ ಜಿಗಿದರು. ಎಮ್ಮೆ ಅವರ ಕಡೆ ತಿರುಗಿಯೂ ನೋಡದೆ ಕರುವನ್ನು ಬಾಲದಿಂದ ಕಿವಿಯತನಕ ಮೂಸಿ, ಗದ್ದದಿಂದ ನೂಕುತ್ತ ಕೊಟ್ಟಿಗೆಗೆ ವಾಪಸ್ಸು ಕರೆದೊಯ್ದಿತು.

ಲಾಲಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಯ್ಯಾರ, ಆಕಿ ಪಾಲು ಕೇಳಾಕ ಬಂದಿದ್ದಳು. ಮಾತಾಡದ ಓಡಿದರ ಹೆಂಗ?"

ಗಳದ ಹಿಂದಿನಿಂದ ಮೊದಲು ಸಂಗಯ್ಯನವರ ನಗು ಬಂತು, ಆಮೇಲೆ ಅವರು ಬಂದರು. ಹೆಗಲಿಗೆಲ್ಲ ಹಸಿ ನೀಲಿ ಹತ್ತಿತ್ತು.

"ಆತವ್ವಾ, ಸೋತೆ. ಇಂಥ ಎಮ್ಮೀನ ಸಂತಿಗೆ ಹೊಡಕೊಂಡು ಹೋದರ ನನ್ನ ಹೆಣ ಬರತೈತಿ ಮನಿಗೆ. ಇಲ್ಲೇ ಇರಲಿ. ಆದರ ಕೇಳು, ನನಗ ಒಂದು ಕರದ ಸಾಲ ನಿನ್ನ ಮ್ಯಾಲ ಹಂಗ ಐತಿ."

"ಇರಲಿ ಬಿಡ್ರಿ" ಎಂದಳು ಶಾರವ್ವ. "ಹೊರತೇನಿ. ಆಕಿ ಇಲ್ಲೇ ಇರತಾಳಲ್ಲ, ಸಾಲ ಭಾರ ಆಗೂದಿಲ್ಲ."

ಆಕೆ ನೊರೆ ತುಂಬಿದ ತಂಬಿಗೆಯಿಂದ ಅವರಿಗೆ ಒಂದು ದೊಡ್ಡ ಬಟ್ಟಲು ಹಾಲು ಬಗ್ಗಿಸಿ ಕೊಟ್ಟಳು. ಇನ್ನೊಂದು ಬಟ್ಟಲನ್ನು ಲಾಲಬಿಗೆ. ಅಮಾತೆಪ್ಪ ತಾನೂ ಕೈ ಚಾಚಿದಾಗ, "ಮೊದಲು ಬೂದಿ ಹಚ್ಚಿ ತೊಳಕೊಂಡು ಬರ್ರಿ" ಎಂದು ಬಟ್ಟಲನ್ನು ಹಿಂದಕ್ಕೆ ಎಳೆದುಕೊಂಡಳು. ಅವನು ನಗುತ್ತ ಹಿತ್ತಲಿಗೆ ನಡೆದ.